ಒಂದು ಹುಂಜ, ಎಂಟು ಹೇಂಟೆ

ಏಪ್ರಿಲ್ 9, 1952

ರಸ್ತೆಯೆಲ್ಲ ಕೆಸರು. ಮೇಪಲ್ ಮರಗಳಿಂದ ಬಕೆಟ್ಟುಗಳನ್ನು ಇಳಿಸಿ, ಬಿಸಿನೀರಲ್ಲಿ ತೊಳೆದು ಬೋರಲು ಹಾಕಿದೆ. ಈ ವರ್ಷದ ಸಿಹಿರಸ ಅಲ್ಲಿಗೆ ಮುಗಿಯಿತು.

ಓರ್ಫಾಳ ಕೋಳಿಮೊಟ್ಟೆಗಳು ಒಡೆದು ಮರಿಗಳು ಬಂದವು. ಕಾವುಪೆಟ್ಟಿಗೆಯನ್ನು ಅವಳು ಹೇಳಿದಂತೆ ನೆಲಮಾಳಿಗೆಯಲ್ಲೇ ಇಟ್ಟಿದ್ದೆ. ದಿನವೂ ಮೊಟ್ಟೆ ಹೊರಳಿಸಿದ್ದೂ ನಾನೇ. ಕಪ್ಪು ಮರಿಗಳು, ನೆತ್ತಿಯ ಮೇಲೆ ಬಿಳಿ ಚುಕ್ಕೆ. ಮುಂಕೋಣೆಯ ಹಾಸಿಗೆಯಿಂದ ಕೂಗಿದಳು.

"ಚುಕ್ಕೆ ಹೇಗಿದೆ ಅಮ್ಮಾ? ಹರಡ್ಕೊಂಡಿದ್ಯಾ, ಒತ್ತಾಗಿದ್ಯಾ?"

"ಚುಕ್ಕೆ ಚುಕ್ಕೆ ಥರ ಇದೆ."

"ಹರಡಿದ್ರೆ ಹುಂಜ, ಒತ್ತಾಗಿದ್ರೆ ಹೇಂಟೆ. ಸರಿಯಾಗಿ ನೋಡು."

ನೋಡಿದೆ. ನನಗೆ ಎಲ್ಲವೂ ಒಂದೇ.

ನಲವತ್ತಾರು ವರ್ಷದ ಮಗಳು. ಮದುವೆಯಾಗಲಿಲ್ಲ. ಶಾಲೆಯಲ್ಲಿ ಪಾಠ ಹೇಳು ಎಂದರೆ ಅದೂ ಇಲ್ಲ. ನನ್ನ ಕೊಟ್ಟಿಗೆಯ ಹಿಂದೆ ಇಪ್ಪತ್ತು ವರ್ಷ ಈ ಕಪ್ಪುಬಿಳಿ ಪಟ್ಟೆಕೋಳಿಗಳನ್ನು ಸಾಕಿದಳು. ಊರವರೆಲ್ಲ ಮಾಂಸದ ಬಿಳಿಕೋಳಿಗೆ ತಿರುಗಿದರೂ ಇವಳು ಬಿಡಲಿಲ್ಲ. ಹಸು ಹಾಲು ಕೊಡುತ್ತದೆ, ಕೋಳಿ ಕೊಡುವುದು ಗಲಾಟೆ ಎಂದು ಅವಳ ಮುಖಕ್ಕೇ ಹೇಳಿದ್ದೇನೆ. ಕಳೆದ ತಿಂಗಳು ಸ್ಪ್ರಿಂಗ್‌ಫೀಲ್ಡಿನ ಡಾಕ್ಟರು ಹೊಟ್ಟೆ ಕೊಯ್ದು ನೋಡಿ, ಮಾಡುವುದಕ್ಕೆ ಏನೂ ಉಳಿದಿಲ್ಲವೆಂದು ಮತ್ತೆ ಹೊಲಿದರು. ಪಾದ್ರಿ ಬಂದಾಗ, ಹೆಣ ಇಟ್ಟಾಗ ಮಾತ್ರ ಬಾಗಿಲು ತೆಗೆಯುತ್ತಿದ್ದ ಮುಂಕೋಣೆಯಲ್ಲಿ ಅವಳ ಹಾಸಿಗೆ ಹಾಕಿದ್ದೇನೆ. ಮೆಟ್ಟಿಲು ಹತ್ತಲಾರಳು.

ಹಳೆಯ ಹುಂಜ ಚಳಿಗಾಲದಲ್ಲಿ ಸತ್ತಿತು. ಹೇಂಟೆಗಳಿಗೆ ವಯಸ್ಸಾಗಿದೆ. ಈ ಮರಿಗಳಲ್ಲಿ ಸರಿಯಾದ ಒಂದು ಹುಂಜ, ಎಂಟು ಹೇಂಟೆ ಆರಿಸಿ ಉಳಿಸದಿದ್ದರೆ ಅವಳ ತಳಿ ಇಲ್ಲಿಗೆ ಮುಗಿಯಿತು.

"ಬೆಳೆಸೋದು ನೀನು, ಆರಿಸೋದು ನಾನು," ಎಂದಳು.

"ಆರಿಸೋದು ಶರತ್ಕಾಲಕ್ಕಲ್ಲವೇನೇ. ಆ ಹೊತ್ತಿಗೆ..." ಎಂದು ನಿಲ್ಲಿಸಿದೆ.

"ಇರ್ತೀನಿ."

ಸರಿ ಎಂದೆ. ಒಪ್ಪಿಕೊಂಡ ಕೆಲಸವನ್ನು ಅರ್ಧಕ್ಕೆ ಬಿಟ್ಟವಳಲ್ಲ ನಾನು.

ಏಪ್ರಿಲ್ 13

ಈಸ್ಟರ್. ಚರ್ಚಿಗೆ ಹೋಗಲಿಲ್ಲ. ರಾತ್ರಿ ಮರಿಗೂಡಿನ ಕಲ್ಲಿದ್ದಲ ಒಲೆ ತಣ್ಣಗಾಗಿ ಮರಿಗಳೆಲ್ಲ ಒಂದರ ಮೇಲೊಂದು ಬಿದ್ದಿದ್ದವು. ಅಡಿಯಲ್ಲಿದ್ದವು ಸತ್ತವು. ಓರ್ಫಾಳಿಗೆ ಹೇಳಿದೆ. "ಮೊದಲ ವರ್ಷ ನಂಗೂ ಹೀಗೇ ಆಗಿತ್ತು," ಎಂದಳು. ನನಗೆ ಸಮಾಧಾನ ಹೇಳುವ ಅಗತ್ಯವಿರಲಿಲ್ಲ.

ಏಪ್ರಿಲ್ 22

ಪಾದ್ರಿಯ ಹೆಂಡತಿ ಒಬ್ಬ ಪೋಲಿಷ್ ಹೆಂಗಸನ್ನು ಕಳುಹಿಸಿದ್ದಾಳೆ. ಕೆಳಗೆ ಕಣಿವೆಯ ಈರುಳ್ಳಿ ಹೊಲದವರು. ಹೆಸರು ಯಾದ್ವಿಗಾ ಜೆಂಬಾ, ವಿಧವೆ. ಗಂಡನನ್ನು ಇದೇ ರೋಗದಲ್ಲಿ ನೋಡಿಕೊಂಡಿದ್ದಳಂತೆ. ನಾನು ಸಹಾಯ ಬೇಕೆಂದು ಕೇಳಿರಲಿಲ್ಲ. ಬೂಟಿನ ಕೆಸರು ಒರೆಸಿ ಒಳಗೆ ಬಂದಳು, ಅಷ್ಟು ಮಟ್ಟಿಗೆ ಪರವಾಗಿಲ್ಲ.

"ಮಿಸೆಸ್ ಸೀಯರ್ಸ್, ಈ ಮನೆ ಸ್ಮಶಾನದಷ್ಟು ಚೊಕ್ಕಟವಾಗಿದೆ. ಕಾಯಿಲೆ ಮನುಷ್ಯರು ಇದರೊಳಗೆ ಉಸಿರಾಡೋದು ಹೇಗೆ?"

"ಚೊಕ್ಕಟ ಇದ್ದು ಯಾರೂ ಸತ್ತಿಲ್ಲ."

"ನಗು ಇಲ್ದೆ ಸತ್ತೋರು ಬೇಕಾದಷ್ಟು ಜನ ಇದಾರೆ."

ಒಳಗಿನಿಂದ ಓರ್ಫಾ ನಕ್ಕಿದ್ದು ಕೇಳಿಸಿತು. ಹಾಗಾಗಿ ಆ ಹೆಂಗಸನ್ನು ವಾಪಸು ಕಳುಹಿಸಲಿಲ್ಲ.

ಮೇ 11

ತಾಯಂದಿರ ದಿನವೆಂದು ಚರ್ಚಿನಿಂದ ಹೂ ಕಳುಹಿಸಿದ್ದರು. ನೀರಿಗೆ ಹಾಕಿದೆ.

ಇವತ್ತು ನಗೆಪಾಟಲಾಯಿತು. ಮರಿಗಳಲ್ಲಿ ಕೆಲವಕ್ಕೆ ಆಗಲೇ ಬೆನ್ನು ತುಂಬ ಗರಿ, ಬಾಲವೂ ಬಂದಿದೆ. ಉಳಿದವು ಬೋಳು ಬೆನ್ನು ಹೊತ್ತು ಅಲೆಯುತ್ತಿವೆ. ಚುರುಕಿನವು ಇವೇ ಎಂದು ನಾನು ಅವಕ್ಕೆಲ್ಲ ಕೆಂಪು ಉಣ್ಣೆದಾರ ಕಟ್ಟಿ, ಎಲ್ಲಕ್ಕಿಂತ ಚೆನ್ನಾಗಿದ್ದನ್ನು ಏಪ್ರನ್ನಿನಲ್ಲಿ ಸುತ್ತಿ ಒಳಗೆ ತಂದು ತೋರಿಸಿದೆ.

"ಅಯ್ಯೋ ಅಮ್ಮಾ, ನೀನು ದಾರ ಕಟ್ಟಿದ್ದೆಲ್ಲ ಬಾಣಲೆಗೆ!"

"ಯಾಕೆ? ಕಣ್ಣು ಕಾಣಲ್ವಾ ನಿಂಗೆ? ಎಷ್ಟು ಬೇಗ ಬೆಳೆದಿದೆ ನೋಡು."

"ಅದಕ್ಕೇ. ಗರಿ ಬೇಗ ಬೆಳೆದ್ರೆ ಪಟ್ಟೆ ಅಗಲವಾಗಿ ಕದಡಿಹೋಗತ್ತೆ. ನಿಧಾನಕ್ಕೆ ಬಂದ ಗರಿಗೇ ಪಟ್ಟೆ ಸಣ್ಣಗೆ, ಚೂಪಾಗಿ ಕೂರೋದು. ಈ ಕೋಳಿ ಹಾಳಾಗಿದ್ದೇ ಅವಸರದವರ ಕೈಲಿ."

ನಕ್ಕೂ ನಕ್ಕೂ ಕೆಮ್ಮು ಹತ್ತಿತು. ಮಿಸೆಸ್ ಜೆಂಬಾ ಬೆನ್ನು ನೀವಿದಳು. ಅವಳೂ ನಗುತ್ತಿದ್ದಳು. ಹೈಸ್ಕೂಲು ಮುಗಿಸಿದವಳು ನಾನು, ಪ್ರಾಣಿಶಾಸ್ತ್ರದಲ್ಲಿ ಬಹುಮಾನ ಪಡೆದವಳು. ಇದು ಯಾವ ಪುಸ್ತಕದಲ್ಲೂ ಇರಲಿಲ್ಲ.

ಸಂಜೆ ಕೂತು ದಾರಗಳನ್ನೆಲ್ಲ ಬಿಚ್ಚಿದೆ. ಓರ್ಫಾ ಚಿಕ್ಕವಳಿದ್ದಾಗ ನಡೆದದ್ದು ತಡ, ಮಾತಾಡಿದ್ದು ತಡ. ಎಷ್ಟು ಬೈಯುತ್ತಿದ್ದೆ.

ಮೇ 30

ಸಮಾಧಿಗಳಿಗೆ ಹೂವಿಡುವ ದಿನ. ಏಮಸ್‌ನ, ನನ್ನ ಗಂಡನ, ಕಲ್ಲಿನ ಬಳಿ ಜೆರೇನಿಯಂ ನೆಟ್ಟೆ. ಪಕ್ಕದ ಜಾಗ ನನ್ನದು. ಅದರ ಪಕ್ಕದ ಖಾಲಿ ಜಾಗದ ಮೇಲೆ ಹುಲ್ಲು ಬೆಳೆದಿತ್ತು. ಅತ್ತ ನೋಡಲಿಲ್ಲ.

ಎಲ್‌ಬ್ರಿಜ್ ಪ್ರಾಟ್ ಸ್ಮಶಾನದಿಂದ ಮನೆಯವರೆಗೂ ಹಿಂದೆಯೇ ಬಂದ. ಶಾಲೆಯಲ್ಲಿ ನನ್ನ ಹಿಂದಿನ ಬೆಂಚು, ಈಗ ಕೌಂಟಿಯ ಕೋಳಿ ಪ್ರದರ್ಶನಗಳಲ್ಲಿ ಓರ್ಫಾಳ ಎದುರಾಳಿ. ಅವನೂ ಪಟ್ಟೆಕೋಳಿಯವನೇ.

"ಏನ್ ಲೊವೀಸಾ, ಕೋಳಿಯಮ್ಮ ಆಗ್ಬಿಟ್ಟಿದೀಯಂತೆ!"

"ನಿನಗೆ ಇವತ್ತು ಕಾಲಿನ ಗರಿ ಕೀಳೋ ಕೆಲಸ ಇಲ್ವಾ?"

ಈ ಕೋಳಿಗಳ ಕಾಲು ಹಳದಿಯಾಗಿ, ನುಣ್ಣಗಿರಬೇಕು. ಬೆರಳ ಸಂದಿಯಲ್ಲೋ ಕಾಲಿನ ಪಕ್ಕದಲ್ಲೋ ಒಂದೇ ಒಂದು ಗರಿಕುಡಿ ಮೊಳೆತರೂ ಕೋಳಿಯನ್ನು ಪ್ರದರ್ಶನದಿಂದ ಹೊರಗೆ ಹಾಕುತ್ತಾರೆ. ಎಂದೋ ಬೆರೆತ ರಕ್ತ ಹಾಗೆ ತಲೆ ಎತ್ತುತ್ತದಂತೆ. ಹಿಂದಿನ ದಿನ ಚಿಮಟದಿಂದ ಕಿತ್ತು ತರುವವರು ಇದ್ದಾರೆ. ಓರ್ಫಾ ಅಂಥದ್ದನ್ನು ಸಾರು ಮಾಡುತ್ತಾಳೆ, ಪದಕ ಬರುವ ಹುಂಜವಾದರೂ ಸರಿ.

"ಕೀಳದೇ ಇರೋರು ಯಾರಿದಾರೆ ಹೇಳು, ನಿನ್ನ ಮಗಳೊಬ್ಬಳನ್ನ ಬಿಟ್ಟು," ಎಂದು ಎಲ್‌ಬ್ರಿಜ್ ನಕ್ಕ. ಆಮೇಲೆ ಟೊಪ್ಪಿ ತೆಗೆದ. "ಮರಿಗಳನ್ನ ನನಗೆ ಕೊಟ್ಬಿಡು ಲೊವೀಸಾ. ನನ್ನ ಕೋಳಿಗಳ ಜೊತೆ ಸೇರಿಸ್ಕೋತೀನಿ. ನಿನ್ನ ವಯಸ್ಸಿಗೆ ಇದೆಲ್ಲ ಯಾಕೆ?"

"ನಾನು ನಿನಗಿಂತ ಆರು ತಿಂಗಳು ಚಿಕ್ಕವಳು. ಸೇರಿಸ್ಕೊಂಡ ಮೇಲೆ ಅವು ಓರ್ಫಾಳ ಕೋಳಿ ಹೇಗಾಗತ್ತೆ? ಹೋಗು ಮನೆಗೆ."

ಜೂನ್ 22

ಹುಲ್ಲು ಕೊಯ್ಲು. ಓರ್ಫಾ ಎರಡು ಚಮಚ ಸಾರು ಕುಡಿದಳು. ಮರಿಗಳು ಸುಖವಾಗಿವೆ.

ಜುಲೈ 19

ಮೊದಲ ಆಯ್ಕೆ. ಬಟ್ಟೆಬುಟ್ಟಿಯಲ್ಲಿ ನಾಲ್ಕು ನಾಲ್ಕರಂತೆ ತಂದು ಹಾಸಿಗೆಯ ಪಕ್ಕ ಇಟ್ಟೆ. ನನ್ನ ಅತ್ತೆ ನೇಯ್ದ ಜಮಖಾನದ ಮೇಲೆ ಕೋಳಿಹಿಕ್ಕೆ. ಮಿಸೆಸ್ ಜೆಂಬಾ ನನ್ನ ಮುಖ ನೋಡಿದಳು. ನಾನು ಮುಂದಿನ ನಾಲ್ಕನ್ನು ತರಲು ಹೋದೆ.

ಹಿಡಿಯುವುದನ್ನು ಮತ್ತೆ ಕಲಿಯಬೇಕಾಯಿತು. ಅಂಗೈ ಎದೆಮೂಳೆಯ ಕೆಳಗೆ, ಕಾಲುಗಳು ಬೆರಳ ನಡುವೆ, ತಲೆ ನನ್ನ ಮೊಣಕೈ ಕಡೆಗೆ. ಎದೆಮೂಳೆ ಸೊಟ್ಟಗಿದ್ದರೆ ಬೇಡ. ಜುಟ್ಟಿಗೆ ಪಕ್ಕದಲ್ಲಿ ಮೊನೆ ಇದ್ದರೆ ಬೇಡ. ಬೆನ್ನು ಇಕ್ಕಟ್ಟಾದರೆ ಬೇಡ. ಕೊನೆಗೆ ಗರಿಯ ಮೇಲೆ ಊದಿ, ಪಟ್ಟೆ ಚರ್ಮದವರೆಗೂ ಇಳಿದಿದೆಯೇ ನೋಡಬೇಕು. ಮೇಲೆ ಮಾತ್ರ ಪಟ್ಟೆಯಿದ್ದು ಅಡಿಯಲ್ಲಿ ಬರೀ ಬೂದುಬಣ್ಣವಿದ್ದರೆ ಅದೂ ಬೇಡ.

ಓರ್ಫಾ ಬಗ್ಗಿ ಊದಿದಳು. ಗರಿ ಅಲುಗಲಿಲ್ಲ. ಇನ್ನೊಮ್ಮೆ ಊದಿದಳು.

"ಇಲ್ಲಿ ಕೊಡು," ಎಂದು ನಾನು ಊದಿದೆ. ಗರಿ ಹೂವಿನಂತೆ ಬಿರಿಯಿತು. ಅವಳು ನೋಡಿದಳು. ಆಮೇಲೆ ಎಲ್ಲಕ್ಕೂ ಹಾಗೇ ಮಾಡಿದೆವು.

"ಅಮ್ಮಾ, ಚಿಕ್ಕಂದಿನಲ್ಲಿ ಬಿಸಿಸಾರು ಆರಿಸಿಕೊಡು ಅಂದ್ರೆ, ಸ್ವಂತ ಬಾಯಿಲ್ವಾ ಅಂತಿದ್ದೆ."

"ಇತ್ತಲ್ಲ ಆಗ."

ಬೇಡವಾದ ಹನ್ನೊಂದರ ಕತ್ತು ನಾನೇ ಮುರಿದೆ. ವರ್ಷಕ್ಕೆ ಎಷ್ಟೋ ಮುರಿದಿದ್ದೇನೆ. ಇವತ್ತು ನಡುವೆ ಒಮ್ಮೆ ಬಾವಿಕಟ್ಟೆಯ ಮೇಲೆ ಕೂತೆ. ಸೆಖೆ ಬಹಳ.

ಆಗಸ್ಟ್ 10

ಬಿಸಿಲಿಗೆ ಹುಂಜಗಳ ಬಿಳಿಪಟ್ಟೆ ಹಿತ್ತಾಳೆಯ ಬಣ್ಣಕ್ಕೆ ತಿರುಗುತ್ತದೆ, ನೆರಳು ಬೇಕು ಎಂದಳು. ಮುಂಕೋಣೆಯ ಹಸಿರು ಪರದೆಗಳನ್ನು ಬಿಚ್ಚಿ ಕೋಳಿಯಂಗಳದ ಮೇಲೆ ಕಟ್ಟಿದೆ. ನನ್ನ ಮದುವೆಯ ವರ್ಷ ತಂದವು.

"ಬಿಷಪ್ ಬಂದಿದ್ದಾಗ್ಲೂ ನಮ್ಮ ಚರ್ಚಲ್ಲಿ ಇಂಥಾ ಪರದೆ ಕಟ್ಟಿರ್ಲಿಲ್ಲ," ಎಂದಳು ಮಿಸೆಸ್ ಜೆಂಬಾ.

"ಬಿಷಪ್ಪರ ಬಣ್ಣ ಬಿಸಿಲಿಗೆ ಹೋಗಲ್ಲ ಬಿಡು."

ಪರದೆಯಿಲ್ಲದ ಕಿಟಕಿಯಿಂದ ಓರ್ಫಾಳಿಗೆ ಈಗ ಕೋಳಿಯಂಗಳ ನೇರ ಕಾಣುತ್ತದೆ. ಅದು ಮೊದಲೇ ಹೊಳೆಯಬೇಕಿತ್ತು.

ಆಗಸ್ಟ್ 24

ನೋವಿನ ಸೂಜಿಮದ್ದು ಈಗ ಬೆಳಿಗ್ಗೆಯೂ. ಬರೆಯುವಂಥದ್ದು ಏನಿಲ್ಲ.

ಸೆಪ್ಟೆಂಬರ್ 13

ಎಂಟು ಹೇಂಟೆಗಳು ಖಚಿತವಾದವು. ಆರನ್ನು ಓರ್ಫಾ ಆರಿಸಿದಳು, ನಡುವೆ ನಿದ್ದೆಹೋದಳು. ಉಳಿದೆರಡನ್ನು ನಾನು ಆರಿಸಿ ಎದ್ದ ಮೇಲೆ ತೋರಿಸಿದೆ. ಊದಿಸಿ ನೋಡಿ, ಹೆಬ್ಬೆರಳು ಎಳೆದು, "ನಾನೂ ಇವನ್ನೇ ತೆಗೀತಿದ್ದೆ," ಎಂದಳು. ಪಾತ್ರೆ ತೊಳೆಯುವಾಗ ಯಾದ್ವಿಗಾ ಕೇಳಿದಳು, ಏನು ಹಾಡು ಅದು ಎಂದು. ನಾನು ಹಾಡುತ್ತಿರಲಿಲ್ಲ.

ಹುಂಜಗಳು ಎರಡು ಉಳಿದಿವೆ. ಒಂದು ದೊಡ್ಡವನು, ಅಗಲ ಬೆನ್ನು, ಗಂಡಸಿನ ನಡೆ. ಇನ್ನೊಂದು ತಡವಾದವನು. ಎಲ್ಲಕ್ಕಿಂತ ಕೊನೆಗೆ ಗರಿ ಬಂದದ್ದು ಅವನಿಗೆ. ಪಟ್ಟೆ ಚೂಪು, ಆದರೆ ಮೈ ಇನ್ನೂ ತುಂಬಿಲ್ಲ. ನಾಚಿಕೆ ಸ್ವಭಾವ. ಮುಂದಿನ ವಾರ ಅವಳು ಒಂದನ್ನು ಹೇಳಬೇಕು.

ಸೆಪ್ಟೆಂಬರ್ 20

ಎರಡನ್ನೂ ಬುಟ್ಟಿಯಲ್ಲಿ ತಂದೆ. ಯಾದ್ವಿಗಾ ಅವಳನ್ನು ಎತ್ತಿ ದಿಂಬಿಗೆ ಒರಗಿಸಿದಳು. ಮೈಯಲ್ಲಿ ತೂಕವೇ ಇಲ್ಲ. ಕೈಗಳು ಮಾತ್ರ ಬಾತಿವೆ.

"ದೊಡ್ಡವನನ್ನ ಕೊಡು."

ಮಡಿಲಲ್ಲಿ ಇಟ್ಟೆ. ನಾನು ಊದಿದೆ. ಪಟ್ಟೆಗಳು ಚರ್ಮದವರೆಗೂ ಗೆರೆ ಎಳೆದಂತೆ ಇಳಿದಿದ್ದವು. ಬೆನ್ನು ಮುಟ್ಟಿದಳು, ಎದೆಮೂಳೆ ಮುಟ್ಟಿದಳು, ಜುಟ್ಟಿನ ಐದು ಮೊನೆಗಳನ್ನು ಒಂದೊಂದಾಗಿ ಮುಟ್ಟಿದಳು. ಆಮೇಲೆ ಕಾಲಿನ ಮೇಲೆ ಹೆಬ್ಬೆರಳನ್ನು ಮೇಲಿನಿಂದ ಕೆಳಗೆ ಎಳೆದಳು, ಬೆರಳ ಸಂದಿಗಳಲ್ಲೂ. ಎರಡೂ ಕಾಲು. ನಿಧಾನವಾಗಿ.

"ಇವನೇ," ಎಂದಳು. "ಇಪ್ಪತ್ತು ವರ್ಷದಿಂದ ಇವನಿಗೇ ಕಾಯ್ತಿದ್ದೆ ಅಮ್ಮಾ."

ಇನ್ನೊಂದನ್ನು ಕೇಳಲಿಲ್ಲ. ಕೆನ್ನೆಯನ್ನು ಹುಂಜದ ಕತ್ತಿಗೆ ಒತ್ತಿ ಹಾಗೇ ಇದ್ದಳು. ಯಾದ್ವಿಗಾ ಕಿಟಕಿಯ ಕಡೆ ತಿರುಗಿದಳು.

ವಾಪಸು ಒಯ್ಯುವಾಗ ಅಡುಗೆಮನೆಯ ಬಾಗಿಲ ಬೆಳಕಿನಲ್ಲಿ ನನ್ನ ಹೆಬ್ಬೆರಳೂ ಅದರ ಕಾಲ ಮೇಲೆ ಹಾದಿತು, ರೂಢಿಯಾಗಿದೆ. ಎಡಗಾಲು, ಹೊರಬೆರಳ ಪಕ್ಕ. ಏನೋ ತಡೆಯಿತು. ಕನ್ನಡಕ ಹಾಕಿ ನೋಡಿದೆ. ಒಂದು ಗರಿಕುಡಿ, ಓಟ್ಸ್ ಸಿಪ್ಪೆಯ ತುದಿಯಷ್ಟು. ಕಳೆದ ವಾರ ಇರಲಿಲ್ಲ. ಬಲಿಯುವ ಹೊತ್ತಿಗೆ ಮೊಳೆಯುವುದೂ ಉಂಟು ಎಂದು ಓರ್ಫಾಳೇ ಹೇಳಿದ್ದಳು.

ಕತ್ತಲಲ್ಲಿ ಗೂಡಿಗೆ ಕೈಹಾಕಿ ಇಂಥದ್ದನ್ನು ಹುಡುಕಿ ತೆಗೆಯುತ್ತಿದ್ದ ಹೆಬ್ಬೆರಳು ಅವಳದು. ಅದು ಇದರ ಮೇಲೆಯೇ ಹಾದುಹೋಗಿತ್ತು.

ಹೇಳಬೇಕೆಂದೇ ಕೋಣೆಗೆ ಹಿಂತಿರುಗಿದೆ. ತಪ್ಪನ್ನು ತಪ್ಪು ಎನ್ನಲು ನಾನು ಯಾರ ಮುಂದೆಯೂ ಹಿಂಜರಿದವಳಲ್ಲ.

"ಕಾಲು ನೀನೂ ನೋಡಿದ್ಯಾ?" ಎಂದಳು, ಕಣ್ಣು ಮುಚ್ಚಿಕೊಂಡೇ.

"ನೋಡ್ದೆ."

"ಶುದ್ಧ?"

"ಶುದ್ಧ."

"ಹಾಗಾದ್ರೆ ಮುಗೀತು. ನೀನು ಸುಮ್ಸುಮ್ನೆ ಹೊಗಳೋಳಲ್ಲ."

ಒಲೆಯಲ್ಲಿಟ್ಟಿದ್ದ ಶನಿವಾರದ ಬೀನ್ಸ್ ಸೀದುಹೋಯಿತು. ಮಡಕೆ ಎಷ್ಟು ತಿಕ್ಕಿದರೂ ಬಿಡಲಿಲ್ಲ.

ಸೆಪ್ಟೆಂಬರ್ 28

ರಾತ್ರಿಯೆಲ್ಲ ನಾನೂ ಯಾದ್ವಿಗಾಳೂ ಸರದಿಯಲ್ಲಿ ಕುರ್ಚಿಯ ಮೇಲೆ. ಬೆಳಿಗ್ಗೆ ಓರ್ಫಾ ಕಣ್ಣು ತೆರೆದು, "ಕೂಗಿದ್ದು ನನ್ನ ಹುಂಜ ಅಲ್ವಾ?" ಎಂದಳು.

ಕೂಗಿದ್ದು ತಡವಾದವನು, ಅವನ ಸ್ವರ ಇನ್ನೂ ಒಡಕು. "ಹೌದು, ನಿನ್ನದೇ," ಎಂದೆ.

ಅವಳ ತುಟಿಗಳು ಒಣಗಿದ್ದವು. ಬಟ್ಟೆ ಒದ್ದೆಮಾಡಿ ಒರೆಸಿದೆ.

ಅಕ್ಟೋಬರ್ 1

ಓರ್ಫಾ ಹೋದಳು. ಬೆಳಗಾಗಿತ್ತು. ಕೋಳಿಗಳಿಗೆ ಕಾಳು ಹಾಕಿದೆ.

ಅಕ್ಟೋಬರ್ 4

ಮಣ್ಣು ಮಾಡಿ ಬಂದೆವು. ಎಲೆ ಹಣ್ಣಾಗಿ ಗುಡ್ಡವೆಲ್ಲ ಕೆಂಪು, ಇಂಥ ಬಣ್ಣ ಈಚೆಗೆ ಯಾವ ವರ್ಷವೂ ಇರಲಿಲ್ಲವೆಂದು ಎಲ್ಲರೂ ಹೇಳಿದರು. ಬೇರೆ ಏನು ಹೇಳಬೇಕೆಂದು ತಿಳಿಯದೆ ಇರಬಹುದು. ಅಡುಗೆಮನೆಯಲ್ಲಿ ನೆರೆಯವರು ಬೇಯಿಸಿ ತಂದ ಹನ್ನೆರಡು ಬಗೆಯ ಪೈಗಳಿವೆ. ಒಂದನ್ನೂ ಮುಟ್ಟಿಲ್ಲ.

ಎಲ್ಲರೂ ಹೋದ ಮೇಲೆ ಎಲ್‌ಬ್ರಿಜ್ ಕೋಳಿಯಂಗಳಕ್ಕೆ ಹೋಗಿ ದೊಡ್ಡವನನ್ನು ಹಿಡಿದು ನಿಂತ. ಊದಿ ನೋಡಿ ಸಿಳ್ಳೆ ಹಾಕಿದ. ಅವನ ಹೆಬ್ಬೆರಳೂ ಇಳಿಯಿತು, ನಿಂತಿತು. ನನ್ನ ಕಡೆ ನೋಡಿದ.

"ಇದನ್ನ ಓರ್ಫಾ ನೋಡಿದ್ಲಾ?"

"ಅವಳೇ ಆರಿಸಿದ್ದು."

ಕಾಲನ್ನು ಇನ್ನೊಮ್ಮೆ ಸವರಿದ. "ಅಷ್ಟು ಬಳಲಿದ್ಲಾ ಪಾಪ," ಎಂದ. ಆಮೇಲೆ ಮೆಲ್ಲಗೆ, "ಚಿಮಟ ಗಾಡಿಯಲ್ಲೇ ಇದೆ ಲೊವೀಸಾ. ಒಂದು ಕ್ಷಣದ ಕೆಲಸ. ಇಂಥಾ ಹುಂಜ ಜನ್ಮಕ್ಕೊಂದು. ನಾನು ಯಾರಿಗೂ ಹೇಳಲ್ಲ."

"ಕಿತ್ರೆ ಕಾಲಿಂದ ಹೋಗತ್ತೆ. ಮರಿಗಳಿಂದ ಹೋಗತ್ತಾ?"

ಹುಂಜವನ್ನು ಮೆತ್ತಗೆ ಕೆಳಗೆ ಬಿಟ್ಟ. ಹೋಗುವಾಗ ನನ್ನ ಕೈ ಹಿಡಿದ. ಹಿಡಿಯಲು ಬಿಟ್ಟೆ.

ಯಾದ್ವಿಗಾಳದ್ದು ಬೇರೆಯೇ ಮಾತು. "ಇಟ್ಕೊಳ್ಳಿ ಮಿಸೆಸ್ ಸೀಯರ್ಸ್. ಕೋಳಿಕಾಲಲ್ಲಿ ಒಂದು ಪುಕ್ಕ ಇದ್ರೆ ದೇವರೇನು ಲೆಕ್ಕ ಇಡ್ತಾನಾ? ಮಗಳು ಕೊನೇಲಿ ಕೆನ್ನೆ ಇಟ್ಟಿದ್ದು ಅದರ ಮೇಲೆ."

"ಲೊವೀಸಾ ಅನ್ನು," ಎಂದೆ. "ಎಷ್ಟು ದಿನ ಅಂತ ಮಿಸೆಸ್ ಸೀಯರ್ಸ್."

ಅಕ್ಟೋಬರ್ 9

ನಿದ್ದೆಯಿಲ್ಲ. ಅವಳು ಆರಿಸಿದ ಹುಂಜವನ್ನು ಉಳಿಸಿದರೆ ವರ್ಷ ಎರಡು ವರ್ಷದಲ್ಲಿ ಮಂದೆಯೆಲ್ಲ ಆ ಗರಿಕುಡಿ ಹೊತ್ತು ತಿರುಗುತ್ತದೆ. ಅವು ಯಾರ ಕೋಳಿಯಾದರೂ ಆಗಬಹುದು, ಓರ್ಫಾಳದ್ದಲ್ಲ. ಉಳಿಸದಿದ್ದರೆ ಅವಳು ಬಾಯಿಬಿಟ್ಟು ಕೇಳಿದ ಒಂದೇ ಒಂದನ್ನು ನನ್ನ ಕೈಯಾರೆ ತೆಗೆದಂತೆ. ಅವಳು ಗಟ್ಟಿಯಾಗಿದ್ದ ಕಾಲದಲ್ಲಾದರೆ ಯಾವುದನ್ನು ಮಾಡುತ್ತಿದ್ದಳು ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಕೇಳಿದ್ದು ಗಟ್ಟಿಯಾಗಿದ್ದಾಗಲ್ಲ.

ಎರಡು ಸಲ ಲಾಂದ್ರ ಹಿಡಿದು ಹೋಗಿ ನೋಡಿದೆ. ಕುಡಿ ಉದುರಿರಬಹುದೆಂದು. ಉದುರಿಲ್ಲ. ಬೆಳೆದಿದೆ.

ಅಕ್ಟೋಬರ್ 11

ಬೆಳಿಗ್ಗೆ ಹುಲ್ಲಿನ ಮೇಲೆ ಮೊದಲ ಹಿಮ. ದೊಡ್ಡವನನ್ನು ನಾನೇ ಹಿಡಿದೆ. ಯಾದ್ವಿಗಾ ಓಡಿಬಂದು, "ಕೊಡು ಲೊವೀಸಾ, ನಾನು ಮಾಡ್ತೀನಿ," ಎಂದಳು. ಕೊಡಲಿಲ್ಲ. ಅದು ಒದ್ದಾಡಲಿಲ್ಲ, ನನ್ನ ಕೈಗೆ ಒಗ್ಗಿಹೋಗಿತ್ತು, ತಲೆಯನ್ನು ಮೊಣಕೈ ಸಂದಿಗೆ ತಾನೇ ತಂದಿಟ್ಟುಕೊಂಡಿತು.

ತಡವಾದವನನ್ನು ಹೇಂಟೆಗಳ ಜೊತೆ ಬಿಟ್ಟೆ. ಅವು ಸೇರಿ ಕುಕ್ಕಿದವು. ತೊಟ್ಟಿಯ ಅಡಿಗೆ ನುಗ್ಗಿ ಕೂತ. ಮಧ್ಯಾಹ್ನ ಹೋಗಿ ನೋಡಿದೆ. ಹೊರಗೆ ಬಂದು ಒಂದು ಹೇಂಟೆಗೆ ಕಾಳು ತೋರಿಸಿ ಕರೆಯುತ್ತಿದ್ದ. ಅದು ಬಂದು ತಿಂದಿತು.

ಯಾದ್ವಿಗಾ ತನ್ನ ಊರಿನ ಹಾಗೆ ಸಾರು ಮಾಡಿ, ಹಿಟ್ಟಿನ ಎಳೆಗಳನ್ನು ಕೊಯ್ದು ಹಾಕಿದಳು. "ತಿನ್ನು. ಎಸೆಯೋದಕ್ಕೆ ಕೊಂದದ್ದಲ್ಲ," ಎಂದಳು. ತಿಂದೆ.

ಅವಳು ಮನೆಗೆ ಹೋದ ಮೇಲೆ ಮುಂಕೋಣೆಗೆ ಹೋದೆ. ಹಾಸಿಗೆ ಇನ್ನೂ ಎತ್ತಿಸಿಲ್ಲ.

"ಕಾಲು ಶುದ್ಧ ಇರ್ಲಿಲ್ಲ ಕಣೇ," ಎಂದೆ. "ಎಡಗಾಲು. ನಿನಗೆ ಸುಳ್ಳು ಹೇಳಿದೆ. ತಡವಾದವನನ್ನ ಇಟ್ಕೊಂಡಿದೀನಿ."

ಹೇಳಿ, ಬೈಸಿಕೊಳ್ಳಲು ಬಂದವಳ ಹಾಗೆ ಕೈಕಟ್ಟಿ ನಿಂತೆ. ಬಹಳ ಹೊತ್ತು ನಿಂತಿದ್ದೆ.